ಮಾತು ಕೊನೆಯ ನಲ್ಲಿಯ ತನಕ ಮುಟ್ಟಲಿ: ಪ್ರಾಜೆಕ್ಟ್ ಮ್ಯಾನೇಜರ್‌ಗೆ ಹನ್ನೆರಡು ಸೂತ್ರಗಳು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿ ದಾಟಿ, ಬೈಲಹೊಂಗಲ ತಾಲ್ಲೂಕು ಹಾಯ್ದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ರಾಮದುರ್ಗದ ಮಗ್ಗುಲಿಂದ ಮುಂದೆ ಹೋಗುತ್ತದೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ನಾನು ಕುಡಿಯುವ ನೀರಿನ ಪೈಪ್‌ಲೈನ್ ಕೆಲಸ ಮಾಡಿಸಿದ್ದೇನೆ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎಂದು ಹೆಸರಿಟ್ಟರು. ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಮನೆಯ ನಲ್ಲಿಯಲ್ಲೇ ಬರಬೇಕು ಎಂಬುದು ಗುರಿ. ಹೇಳಲು ಒಂದು ಸಾಲು, ಮಾಡಲು ನೂರು ಕೈ ಬೇಕು.

ಆ ನೂರು ಕೈಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ನ ಮಾತು ಕೇಳಲೇಬೇಕಾದವರು ಹತ್ತು ಮಂದಿಯೂ ಇರುವುದಿಲ್ಲ. ಇಲಾಖೆಯ ಎಂಜಿನಿಯರರು ಮೇಲಿನವರು. ಪಿಡಿಒ, ಪಂಚಾಯ್ತಿ ಸದಸ್ಯರು ಬೇರೆ ವ್ಯವಸ್ಥೆಯವರು. ಉಪಗುತ್ತಿಗೆದಾರನಿಗೆ ತನ್ನ ಬಿಲ್ಲಿನ ಚಿಂತೆ, ಜೆಸಿಬಿ ಚಾಲಕನಿಗೆ ತನ್ನ ತಾಸಿನ ಲೆಕ್ಕ. ನನ್ನ ಕೆಲಸಗಳು ಬಂಡೆಗಲ್ಲು ಸಿಕ್ಕು ನಿಂತದ್ದು ಕಡಿಮೆ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದೆ ನಿಂತದ್ದೇ ಹೆಚ್ಚು. ಮಾತು ಮುಟ್ಟದ ಜಾಗವನ್ನು ಅನುಮಾನ ತುಂಬುತ್ತದೆ, ಅನುಮಾನದಿಂದ ಗುಂಪು ಹುಟ್ಟುತ್ತದೆ. ಕೆಲಸದ ಜಾಗದ ರಾಜಕೀಯ ಎಂದು ನಾವು ಕರೆಯುವುದು ಅದನ್ನೇ. ಅದನ್ನು ನಿಭಾಯಿಸಲು ಈ ನೆಲ ಕಲಿಸಿದ ಹನ್ನೆರಡು ಸೂತ್ರಗಳು ಇಲ್ಲಿವೆ. ನೀವು ಕಟ್ಟುವುದು ಸೇತುವೆಯಾಗಲಿ, ಸಾಫ್ಟ್‌ವೇರ್ ಆಗಲಿ, ಇವು ನಿಮಗೂ ಒದಗುತ್ತವೆ.

1. ನಕ್ಷೆಗಿಂತ ಮೊದಲು ಜನರನ್ನು ಓದಿ

ಮೊದಲ ವಾರ ಒಂದು ನೋಟ್‌ಬುಕ್ಕಿನಲ್ಲಿ ಐದು ಪಟ್ಟಿ ಮಾಡಿ: ಹಣ ಕೊಡುವವರು, ಸಹಿ ಹಾಕುವವರು, ಕೆಲಸ ಮಾಡುವವರು, ಕೆಲಸ ತಡೆಯಬಲ್ಲವರು, ಕೊನೆಗೆ ಆ ನೀರು ಕುಡಿಯುವವರು. ಕಚೇರಿಯ ಹುದ್ದೆಗಳ ಪಟ್ಟಿಯಲ್ಲಿ ನಾಲ್ಕನೆಯ ಮತ್ತು ಐದನೆಯ ಗುಂಪು ಇರುವುದೇ ಇಲ್ಲ. ಊರಿನ ನೀರಗಂಟಿಯ ಹೆಸರು ಯಾವ ಆದೇಶದಲ್ಲೂ ಕಾಣದು. ಆದರೆ ಹಳೆಯ ಪೈಪು ಎಲ್ಲಿ ಹೂತಿದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಯವರು ಜಗಳಕ್ಕೆ ಬರುತ್ತಾರೆ ಎಂಬುದು ಅವನಿಗಷ್ಟೇ ಗೊತ್ತು. ‘ಕಾಕಾ, ನೀವ ಮುಂದ ನಡೀರಿ, ನಾವು ಹಿಂದ ಬರ್ತೀವಿ’ ಎಂದು ಅವನನ್ನು ಕರೆದುಕೊಂಡು ಊರು ಸುತ್ತಿದ ದಿನವೇ ನಿಮ್ಮ ಅರ್ಧ ವಿರೋಧ ಕರಗುತ್ತದೆ. ಗೌರವ ಸಿಗದ ತಿಳಿವಳಿಕೆ ತಕರಾರಾಗಿ ತಿರುಗುತ್ತದೆ, ಗೌರವ ಸಿಕ್ಕರೆ ದಾರಿ ತೋರಿಸುತ್ತದೆ.

2. ಇವತ್ತಿನ ಮಾತು ಇವತ್ತೇ ಕಾಗದಕ್ಕೆ ಇಳಿಯಲಿ

ಕಿತ್ತೂರಿನ ಕೋಟೆಗೆ ಹೋದಾಗಲೆಲ್ಲ ನನಗೆ ಕತ್ತಿಗಿಂತ ಮೊದಲು ಒಂದು ಕಾಗದ ನೆನಪಾಗುತ್ತದೆ. 1824ರ ಸೆಪ್ಟೆಂಬರ್ 11ರಂದು ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಅದಕ್ಕೂ ಮುಂಚೆ ದತ್ತು ತೆಗೆದುಕೊಂಡದ್ದಾಗಿ ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಗೆ ಸೇರುವಷ್ಟರಲ್ಲಿ ದೊರೆ ಇರಲಿಲ್ಲ. ಪತ್ರ ಸಾವಿನ ನಂತರ ಸೃಷ್ಟಿಸಿದ್ದು ಎಂದು ಥ್ಯಾಕರೆ ಅನುಮಾನ ಎತ್ತಿದ, ದತ್ತಕವನ್ನು ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಮುಂದಿನದು ಎಲ್ಲರಿಗೂ ಗೊತ್ತು: ಅಕ್ಟೋಬರ್ 23ರ ಕಾಳಗ, ಥ್ಯಾಕರೆಯ ಸಾವು, ಡಿಸೆಂಬರಿನಲ್ಲಿ ಕೋಟೆಯ ಪತನ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ರಾಣಿ ಚೆನ್ನಮ್ಮನ ಕೊನೆಯುಸಿರು.

ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದದ್ದು ಸಂಸ್ಥಾನ. ತಡವಾದ ಕಾಗದ ಅದಕ್ಕೆ ನೆಪವಾಗಿ ಸಿಕ್ಕಿತು. ದಾಖಲೆಯ ಕೆಲಸವೇ ಇದು, ನೆಪ ಹುಡುಕುವವನಿಗೆ ನೆಪ ಸಿಗದಂತೆ ಮಾಡುವುದು. ಸಭೆ ಮುಗಿದ ಸಂಜೆಯೊಳಗೆ ನಾಲ್ಕು ಸಾಲು ಬರೆಯಿರಿ: ಏನು ನಿರ್ಧಾರವಾಯಿತು, ಯಾರು ಮಾಡಬೇಕು, ಯಾವ ತಾರೀಖಿಗೆ, ಯಾರು ಒಪ್ಪಲಿಲ್ಲ. ಬಂದವರಿಗೂ ಬಾರದವರಿಗೂ ಅದೇ ಸಾಲುಗಳನ್ನು ಕಳಿಸಿ. ಅಳತೆ ಪುಸ್ತಕದಲ್ಲಿ ಗುಂಡಿ ಮುಚ್ಚುವ ಮೊದಲೇ ಅಳತೆ ದಾಖಲಾಗಲಿ, ಫೋಟೊದ ಮೇಲೆ ತಾರೀಖಿರಲಿ. ಮಣ್ಣು ಮುಚ್ಚಿದ ಪೈಪು ಎಷ್ಟು ಆಳದಲ್ಲಿದೆ ಎಂದು ಆರು ತಿಂಗಳ ಮೇಲೆ ವಾದಿಸಿದರೆ ಸತ್ಯ ಹೇಳುವವನೂ ಸುಳ್ಳನಂತೆ ಕಾಣುತ್ತಾನೆ.

3. ಸುದ್ದಿಯನ್ನು ಕಾಲುವೆಯ ತುದಿಗೆ ಮೊದಲು ಮುಟ್ಟಿಸಿ

ಮಲಪ್ರಭಾ ಕಾಲುವೆಯ ಸೀಮೆಯಲ್ಲಿ ಬೆಳೆದವರಿಗೆ ‘ಟೇಲ್ ಎಂಡ್’ ಎಂಬ ಮಾತು ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ಹೊಲ ತುಂಬಿಸಿಕೊಂಡ ಮೇಲೆ ತುದಿಯವರಿಗೆ ಬರುವುದು ಒಣ ಕಾಲುವೆ. ಸಂಸ್ಥೆಯೊಳಗೆ ಮಾಹಿತಿಯೂ ಹಾಗೇ ಹರಿಯುತ್ತದೆ. ಕಚೇರಿಯ ನಾಲ್ವರು ಎಲ್ಲವನ್ನೂ ತಿಳಿದಿರುತ್ತಾರೆ. ಗುಂಡಿ ತೋಡುವ ಗ್ಯಾಂಗಿನವರಿಗೆ ನಾಳೆ ಯಾವ ಊರಿಗೆ ಹೋಗಬೇಕೆಂಬುದೂ ಗೊತ್ತಿರುವುದಿಲ್ಲ. ತುದಿಯಲ್ಲಿರುವವರು ಊಹಿಸಲು ತೊಡಗುತ್ತಾರೆ, ಊಹೆ ಗಾಳಿಸುದ್ದಿಯಾಗುತ್ತದೆ.

ಮುಂಜಾನೆ ಹತ್ತು ನಿಮಿಷ ಸೈಟ್‌ನಲ್ಲಿ ನಿಂತೇ ಮಾತಾಡಿ. ಬಿಲ್ ಎಲ್ಲಿಗೆ ಬಂತು, ಪೈಪು ಎಂದು ಇಳಿಯುತ್ತದೆ, ಯಾವ ತಕರಾರು ಬಾಕಿ ಇದೆ ಎಂಬುದನ್ನು ಮೇಸ್ತ್ರಿಯಿಂದ ವಾಚ್‌ಮನ್‌ವರೆಗೆ ಎಲ್ಲರೂ ಒಟ್ಟಿಗೆ ಕೇಳಲಿ. ಒಂದೇ ಸುದ್ದಿಯನ್ನು ಎಲ್ಲರೂ ನಿಮ್ಮ ಬಾಯಿಂದಲೇ ಕೇಳಿದರೆ ಅದನ್ನು ತಿರುಚಿ ಮಾರುವವನಿಗೆ ಗಿರಾಕಿ ಸಿಗುವುದಿಲ್ಲ.

4. ನೀರು ಮುಟ್ಟುವ ಮೊದಲು ಕರ ಕೇಳಬೇಡಿ

ಇದೇ ಮಲಪ್ರಭಾ ಯೋಜನೆಯ ದೊಡ್ಡ ಪಾಠ ಇದು. ನವಿಲುತೀರ್ಥದಿಂದ ಹೊರಟ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಅನೇಕ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ. ಕೆಲವು ಕಡೆ ಎರೆ ಭೂಮಿ ಜವುಳು ಹಿಡಿದಿತ್ತು. ಅಷ್ಟರಲ್ಲೇ ರೈತರಿಗೆ ಬೆಟರ್‌ಮೆಂಟ್ ಲೆವಿಯ ನೋಟಿಸು ಬಂತು: ನೀರಾವರಿಯಿಂದ ನಿಮ್ಮ ಜಮೀನಿನ ಬೆಲೆ ಏರಿದೆ, ಕರ ಕಟ್ಟಿ. ಸಿಟ್ಟು ಹೆಪ್ಪುಗಟ್ಟಿ 1980ರ ಜುಲೈ 21ರಂದು ಪಕ್ಕದ ನರಗುಂದ, ನವಲಗುಂದಗಳಲ್ಲಿ ಸಿಡಿಯಿತು. ಗೋಲಿಬಾರಿನಲ್ಲಿ ರೈತರು ಜೀವ ಕಳೆದುಕೊಂಡರು. ಅದೇ ವರ್ಷ ರಾಜ್ಯ ರೈತ ಸಂಘ ರೂಪು ತಳೆಯಿತು. ಈಗಲೂ ಜುಲೈ 21 ಈ ಭಾಗದಲ್ಲಿ ಹುತಾತ್ಮರ ದಿನ.

ಪ್ರತಿ ಪ್ರಾಜೆಕ್ಟಿನಲ್ಲೂ ಈ ತಪ್ಪು ಸಣ್ಣ ಪ್ರಮಾಣದಲ್ಲಿ ನಡೆಯುತ್ತಿರುತ್ತದೆ. ಪೈಪು ಕೊಡದೆ ಪ್ರಗತಿ ಕೇಳುತ್ತೇವೆ. ಮೂರು ತಿಂಗಳ ಕೂಲಿ ಬಾಕಿ ಇಟ್ಟು ವೇಗ ಕೇಳುತ್ತೇವೆ. ಹೊಸ ಎಂಜಿನಿಯರನಿಗೆ ಅಧಿಕಾರ ಕೊಡದೆ ಹೊಣೆ ಹೊರಿಸುತ್ತೇವೆ. ಆಮೇಲೆ ಅವರು ಗೊಣಗಿದರೆ ‘ರಾಜಕೀಯ ಮಾಡ್ತಾರ’ ಎನ್ನುತ್ತೇವೆ. ಯಾರ ಮೇಲಾದರೂ ಸಿಟ್ಟು ಬಂದಾಗ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ಇವನಿಗೆ ಕೊಡಬೇಕಾದ್ದನ್ನು ನಾನು ಕೊಟ್ಟಿದ್ದೇನೆಯೇ? ಕೊಟ್ಟಿರದಿದ್ದರೆ ಅವನ ಗೊಣಗಾಟ ನ್ಯಾಯವಾದ ಬೇಡಿಕೆ. ಅದನ್ನು ಬರೆದುಕೊಳ್ಳಿ, ತಾರೀಖು ಹೇಳಿ, ತಾರೀಖು ಉಳಿಸಿಕೊಳ್ಳಿ.

5. ಹಿತ್ತಾಳೆ ಕಿವಿ ಬೇಡ

‘ಸಾಹೇಬ್ರ, ಆ ಸೈಟ್ ಎಂಜಿನಿಯರ್ ನಿಮ್ಮ ಬಗ್ಗೆ ಏನೇನೋ ಮಾತಾಡಾಕತ್ತಾನ’ ಎಂದು ಒಬ್ಬ ಹತ್ತಿರ ಬಂದು ಕೂರುತ್ತಾನೆ. ಆ ಕ್ಷಣ ನಿಮ್ಮ ಮುಖ ಏನು ಹೇಳುತ್ತದೆಯೋ ಅದೇ ಮುಂದಿನ ಆರು ತಿಂಗಳು ಇಡೀ ತಂಡದ ಸ್ವಭಾವವಾಗುತ್ತದೆ. ನೀವು ಕುತೂಹಲದಿಂದ ಮುಂದಕ್ಕೆ ಬಾಗಿದರೆ ನಾಳೆ ಇನ್ನಿಬ್ಬರು ಬರುತ್ತಾರೆ.

ನಾನು ಹೇಳುವುದು ಒಂದೇ ಮಾತು: ‘ಹೌದೇನ್ರಿ? ಬರ್ರಿ, ಅವನ್ನೂ ಕರಿಯೋಣು, ಮೂವರೂ ಕೂತು ಚಾ ಕುಡಿಯೋಣು.’ ನಿಜವಾದ ತಕರಾರಿದ್ದವನು ಕೂರುತ್ತಾನೆ, ಮಾತು ಬಗೆಹರಿಯುತ್ತದೆ. ಚಾಡಿ ಹೇಳಲು ಬಂದವನು ಏನಾದರೂ ಕೆಲಸ ನೆನಪಿಸಿಕೊಂಡು ಎದ್ದು ಹೋಗುತ್ತಾನೆ. ಎರಡು ಸಲ ಹೀಗಾದರೆ ಸಾಕು, ನಿಮ್ಮ ಕಿವಿ ಹಿತ್ತಾಳೆಯದಲ್ಲ ಎಂಬುದು ಸೈಟಿಗೆಲ್ಲ ಗೊತ್ತಾಗುತ್ತದೆ. ಆದರೆ ಸುರಕ್ಷತೆ, ಲಂಚ, ಹೆಣ್ಣುಮಕ್ಕಳಿಗೆ ಕಿರುಕುಳ, ಇಂಥ ದೂರನ್ನು ಒಬ್ಬರೇ ಬಂದು ಹೇಳಿದರೆ ಬಾಗಿಲು ಮುಚ್ಚಿ ಪೂರ್ತಿ ಕೇಳಿ, ಹೇಳಿದವರ ಹೆಸರು ಕಾಪಾಡಿ. ಅದು ಚಾಡಿಯಲ್ಲ, ಧೈರ್ಯ.

6. ಟವೆಲ್ಲಿನ ಕೆಳಗಿನ ವ್ಯಾಪಾರ ಬಿಡಿ

ನಮ್ಮ ದನದ ಸಂತೆಗಳಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದ್ದೀರಿ. ಸುತ್ತ ನಿಂತವರಿಗೆ ಏನೂ ತಿಳಿಯದು. ಎತ್ತಿಗೆ ಅದು ನಡೆದೀತು, ಪ್ರಾಜೆಕ್ಟಿಗೆ ನಡೆಯದು. ಯಾರಿಗೆ ಯಾವ ಊರಿನ ಕೆಲಸ, ಯಾವ ದರ, ಯಾರಿಗೆ ರಜೆ, ಯಾರಿಗೆ ಮೊದಲು ಬಿಲ್, ಇವುಗಳ ನಿಯಮ ಗೋಡೆಯ ಮೇಲಿರಲಿ. ಬೈಲಹೊಂಗಲದ ಹತ್ತಿ ಬೆಳೆಗಾರ ಬಯಸುವುದೂ ಬಹಿರಂಗ ಸವಾಲನ್ನೇ. ದರ ಕಡಿಮೆ ಬಂದರೆ ಸಂಕಟವಾಗುತ್ತದೆ, ಆದರೆ ಎಲ್ಲರೆದುರು ಕೂಗಿದ ದರ ಎಂಬ ಸಮಾಧಾನ ಇರುತ್ತದೆ. ಪ್ರತಿಕೂಲ ನಿರ್ಧಾರವನ್ನು ಜನ ನುಂಗಿಕೊಳ್ಳುತ್ತಾರೆ, ಗುಟ್ಟಿನ ನಿರ್ಧಾರವನ್ನು ನುಂಗಿಕೊಳ್ಳುವುದಿಲ್ಲ.

7. ಎಳೆ ತುಂಡಾದ ಕೂಡಲೇ ಗಂಟು ಹಾಕಿ

ರಾಮದುರ್ಗ, ಸುರೇಬಾನದ ಕಡೆ ನೇಕಾರರ ಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹಾಸಿನ ಒಂದು ಎಳೆ ತುಂಡಾದರೆ ನೇಕಾರ ಲಾಳಿ ನಿಲ್ಲಿಸುತ್ತಾನೆ, ಎಳೆ ಹುಡುಕಿ ಗಂಟು ಹಾಕುತ್ತಾನೆ, ಆಮೇಲೆ ಮುಂದುವರಿಯುತ್ತಾನೆ. ಒಂದೇ ಎಳೆ ತಾನೇ ಎಂದು ಬಿಟ್ಟರೆ ಇಡೀ ಸೀರೆಯುದ್ದಕ್ಕೂ ಗೆರೆ ಉಳಿಯುತ್ತದೆ.

ಸಭೆಯಲ್ಲಿ ನೀವು ಒಬ್ಬ ಕಿರಿಯನ ಮಾತನ್ನು ಅರ್ಧಕ್ಕೆ ತಡೆದಿರಬಹುದು, ಸ್ಟೋರ್ ಕೀಪರನ ಲೆಕ್ಕವನ್ನು ಎಲ್ಲರೆದುರು ಶಂಕಿಸಿರಬಹುದು. ಅವತ್ತು ಸಂಜೆಯೊಳಗೆ ಹೋಗಿ ಮಾತಾಡಿ. ‘ತಮ್ಮಾ, ಎಲ್ಲಾರ ಮುಂದ ಹಂಗ ಅನಬಾರದಿತ್ತು, ತಪ್ಪಾತು’ ಎಂದರೆ ಹುದ್ದೆ ಸಣ್ಣದಾಗುವುದಿಲ್ಲ. ಎಲ್ಲರೆದುರು ಆದ ತಪ್ಪಿಗೆ ಎಲ್ಲರೆದುರೇ ಕ್ಷಮೆ ಕೇಳುವುದು ಇನ್ನೂ ಮೇಲು. ರಾತ್ರಿ ಕಳೆದರೆ ಆ ಮಾತು ಅವನ ಮನೆಯಲ್ಲಿ, ಗೆಳೆಯರ ನಡುವೆ ಹತ್ತು ಸಲ ಬೆಳೆದಿರುತ್ತದೆ.

8. ಗೇಟು ತೆರೆಯುವ ಮೊದಲು ಎಚ್ಚರಿಕೆ ಕೊಡಿ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಹಳ್ಳಿಗಳು ನೀರಲ್ಲಿ ನಿಂತದ್ದನ್ನು ಕಂಡವರು ಮರೆಯಲಾರರು. ಅಣೆಕಟ್ಟಿನಿಂದ ನೀರು ಬಿಡಲೇಬೇಕಾದ ದಿನ ಬರುತ್ತದೆ. ಆದರೆ ಕೆಳಗಿನ ಊರುಗಳಿಗೆ ಆ ಸುದ್ದಿ ಎಷ್ಟು ಮೊದಲು ಮುಟ್ಟಿತು ಎಂಬುದರ ಮೇಲೆ ದನ, ಕಾಳು, ಜೀವ ಎಲ್ಲ ನಿಂತಿರುತ್ತದೆ.

ಕೆಟ್ಟ ಸುದ್ದಿಯನ್ನು ಹಾಗೇ ನಿಭಾಯಿಸಿ. ಕೆಲಸ ಎರಡು ತಿಂಗಳು ತಡವಾಗುತ್ತದೆ ಎಂದು ಗೊತ್ತಾದ ದಿನವೇ ಇಲಾಖೆಗೆ, ನಿಮ್ಮ ಮಾಲೀಕರಿಗೆ, ಪಂಚಾಯ್ತಿಗೆ ತಿಳಿಸಿ. ಜೊತೆಗೆ ಎರಡು ದಾರಿ, ಒಂದೊಂದರ ಖರ್ಚು ಹೇಳಿ. ಹಿಂದೊಮ್ಮೆ ನಾನು ಪೈಪು ಬರುವುದು ತಡವಾದ ಸುದ್ದಿಯನ್ನು ಮೂರು ವಾರ ಒಳಗಿಟ್ಟುಕೊಂಡಿದ್ದೆ, ಹೇಗಾದರೂ ಸರಿಹೋದೀತು ಎಂಬ ಆಸೆಯಿಂದ. ಸರಿಹೋಗಲಿಲ್ಲ. ಪರಿಶೀಲನಾ ಸಭೆಯಲ್ಲಿ ನನ್ನ ಬದಲು ಕಿರಿಯ ಎಂಜಿನಿಯರ್ ಬೈಸಿಕೊಂಡ. ಅವನ ನಂಬಿಕೆ ಮರಳಿ ಗಳಿಸಲು ನನಗೆ ಒಂದು ವರ್ಷ ಹಿಡಿಯಿತು. ಅಂದಿನಿಂದ ಕೆಟ್ಟ ಸುದ್ದಿ ನನ್ನ ಬಳಿ ಒಂದು ರಾತ್ರಿಗಿಂತ ಹೆಚ್ಚು ಉಳಿದಿಲ್ಲ.

9. ಊರಿನ ಪಂಚಾಂಗ ನಿಮ್ಮ ವೇಳಾಪಟ್ಟಿಯಲ್ಲಿರಲಿ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಹೋಗುತ್ತಾರೆ. ಸವದತ್ತಿಯ ರಸ್ತೆ ಆಗ ಅಗೆಯಲು ಸಿಗುವುದಿಲ್ಲ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. ಕಬ್ಬಿನ ಹಂಗಾಮು ಶುರುವಾದರೆ ಗ್ಯಾಂಗಿನ ಕೂಲಿಯಾಳುಗಳು ಕಟಾವಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಎರೆ ಮಣ್ಣಿಗೆ ಜೆಸಿಬಿ ಇಳಿದರೆ ಮೇಲೆ ಬರುವುದು ಕಷ್ಟ. ಎಲ್ಲೋ ಕೂತು ಮಾಡಿದ ವೇಳಾಪಟ್ಟಿಯಲ್ಲಿ ಇದ್ಯಾವುದೂ ಇರದಿದ್ದರೆ ತಡವಾದ ಪ್ರತಿ ವಾರಕ್ಕೂ ಒಬ್ಬ ತಪ್ಪಿತಸ್ಥನನ್ನು ಹುಡುಕಬೇಕಾಗುತ್ತದೆ. ಅಲ್ಲಿಂದಲೇ ಬೆರಳು ತೋರಿಸುವ ಆಟ ಶುರು. ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾರೀಖು ಹಾಕಿ. ತಾನೇ ಹೇಳಿದ ತಾರೀಖಿಗೆ ಅವನು ಬೆವರು ಸುರಿಸುತ್ತಾನೆ.

10. ನಿಮ್ಮವನೇ ತಪ್ಪಿದರೂ ತಪ್ಪೆಂದೇ ಹೇಳಿ

ಬೈಲಹೊಂಗಲ ತಾಲ್ಲೂಕಿನ ಬೆಳವಡಿ ಮಲ್ಲಮ್ಮ ಶಿವಾಜಿಯ ಸೇನೆಯನ್ನು ಎದುರಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ದನಕರು, ಹಾಲಿನ ವಿಷಯಕ್ಕೆ ಶುರುವಾದ ತಂಟೆ ಯುದ್ಧವಾಯಿತು ಎಂದು ಈ ಭಾಗದ ಜನ ಹೇಳುತ್ತಾರೆ. ಆಕೆಯೊಡನೆ ಅನುಚಿತವಾಗಿ ನಡೆದ ತನ್ನದೇ ದಳಪತಿಯನ್ನು ಶಿವಾಜಿ ಶಿಕ್ಷಿಸಿ, ಆಕೆಯನ್ನು ಗೌರವದಿಂದ ಕಂಡ ಎಂಬುದು ಆ ಕಥೆಯ ಕೊನೆ. ಯುದ್ಧಕ್ಕಿಂತ ಈ ಕೊನೆಯೇ ಮ್ಯಾನೇಜರ್‌ಗೆ ಮುಖ್ಯ.

ನಿಮ್ಮ ಜೆಸಿಬಿ ಆಪರೇಟರ್ ಯಾರದೋ ಹೊಲದ ಬದುವನ್ನು ಕಿತ್ತುಹಾಕಿದ್ದರೆ ಹೊಲದ ಯಜಮಾನನ ಎದುರೇ ಒಪ್ಪಿಕೊಳ್ಳಿ, ಎರಡು ದಿನದಲ್ಲಿ ಬದು ಕಟ್ಟಿಸಿ. ‘ನಮ್ಮ ಹುಡುಗ’ ಎಂದು ಮುಚ್ಚಿಟ್ಟರೆ ಮಿಕ್ಕವರಿಗೆ ಒಂದು ಸಂದೇಶ ಹೋಗುತ್ತದೆ: ಇಲ್ಲಿ ಉಳಿಯಲು ಸರಿ ಇರಬೇಕಿಲ್ಲ, ಹತ್ತಿರದವನಾಗಿದ್ದರೆ ಸಾಕು. ಗುಂಪುಗಾರಿಕೆಗೆ ಬೀಜ ಬೀಳುವುದು ಅಲ್ಲೇ.

11. ಬೈಗುಳ ನಿಮಗಿರಲಿ, ಹೆಸರು ಅವರಿಗೆ ಹೋಗಲಿ

ಸವದತ್ತಿ ತಾಲ್ಲೂಕಿನ ಸಿರಸಂಗಿ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟು ಹೋದರು. ವಾಡೆಯ ಗೋಡೆಗಳಿಗಿಂತ ಗಟ್ಟಿಯಾಗಿ ಅವರ ಹೆಸರು ಆ ವಿದ್ಯಾರ್ಥಿಗಳ ಬದುಕಿನಲ್ಲಿ ಉಳಿಯಿತು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರನ್ನು ನೆನಪಿಸುತ್ತದೆ. ಹಂಚಿದವರ ಪಾಲು ಬೆಳೆಯುತ್ತದೆ.

ಮೇಲಧಿಕಾರಿಗಳ ಎದುರು ವರದಿ ಕೊಡುವಾಗ ‘ನಾನು ಮಾಡಿಸಿದೆ’ ಎನ್ನಬೇಡಿ. ಯಾವ ಮೇಸ್ತ್ರಿ ಬಂಡೆಯೊಡೆಸಿ ದಾರಿ ಮಾಡಿದ, ಯಾವ ಹುಡುಗಿ ರಾತ್ರಿ ಕೂತು ಲೆವೆಲ್ ಲೆಕ್ಕ ಸರಿಮಾಡಿದಳು, ಹೆಸರು ಹಿಡಿದು ಹೇಳಿ. ಬೈಗುಳ ಬಂದಾಗ ಮಾತ್ರ ನೀವೇ ಮುಂದೆ ನಿಲ್ಲಿ. ತಂಡದೊಳಗೆ ಜನ ಒಬ್ಬರ ಕಾಲು ಒಬ್ಬರು ಎಳೆಯುವುದು ಹೆಸರು ಸಿಗುವ ಜಾಗ ಇಕ್ಕಟ್ಟಾಗಿದ್ದಾಗ. ಆ ಜಾಗ ಅಗಲ ಮಾಡುವ ಅಧಿಕಾರ ನಿಮ್ಮ ಕೈಯಲ್ಲಿದೆ, ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.

12. ಕೊನೆಯ ನಲ್ಲಿಯ ಬಳಿ ನಿಲ್ಲಿ

ನೀರು ಬಿಟ್ಟು ಪರೀಕ್ಷೆ ಮಾಡುವ ದಿನ ಎಲ್ಲರೂ ಮೇಲ್ತೊಟ್ಟಿಯ ಬಳಿ ಸೇರುತ್ತಾರೆ. ಅಲ್ಲಿ ಹಾರ ಇರುತ್ತದೆ, ಫೋಟೊ ಇರುತ್ತದೆ. ನಾನು ಊರಿನ ಕೊನೆಯ ಮನೆಗೆ ಹೋಗುತ್ತೇನೆ. ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಗೆ ಹೋದಾಗ ನನ್ನ ಹಿಂದೆ ಇಬ್ಬರು ಬಂದರು: ಒಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಉಪಗುತ್ತಿಗೆದಾರ ಮತ್ತು ಸೈಟ್ ಎಂಜಿನಿಯರ್. ಲೈನು ತಪ್ಪಿದ್ದು ನಿನ್ನಿಂದ ಎಂದು ಇಬ್ಬರೂ ಪತ್ರ ಬರೆದುಕೊಂಡಿದ್ದರು. ನಲ್ಲಿ ತಿರುಗಿಸಿದೆವು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿಯಾದ ಧಾರೆ. ಆ ಮನೆಯ ಅಜ್ಜಿ ಕೊಡ ಹಿಡಿದು ತುಂಬುವ ತನಕ ಮೂವರೂ ಮಾತಾಡಲಿಲ್ಲ. ಅಜ್ಜಿ ‘ಚಾ ಕುಡದ ಹೋಗ್ರಿ ಯಪ್ಪಾ’ ಎಂದಳು. ಅದೇ ನೀರಿನ ಚಹಾ ಕುಡಿಯುತ್ತ ಅವರಿಬ್ಬರೂ ಮುಂದಿನ ಊರಿನ ಲೈನಿನ ಬಗ್ಗೆ ಮಾತು ಶುರು ಮಾಡಿದರು.

ಜಗಳ ತಾರಕಕ್ಕೇರಿದಾಗ ಸಭೆ ಕರೆಯುವುದಕ್ಕಿಂತ ಮೊದಲು ನಿಮ್ಮ ತಂಡವನ್ನು ಆ ಕೆಲಸದ ಫಲ ಉಣ್ಣುವವರ ಮನೆಗೆ ಕರೆದುಕೊಂಡು ಹೋಗಿ. ಯಾರು ಗೆದ್ದರು ಎಂಬ ಪ್ರಶ್ನೆ ಅಲ್ಲಿ ಯಾರೂ ಕೇಳುವುದಿಲ್ಲ; ನಾಳೆಯೂ ನೀರು ಬರುತ್ತದೆಯೇ ಎಂದು ಕೇಳುತ್ತಾರೆ. ನಿಮ್ಮ ತಂಡ ಒಟ್ಟಾಗಿ ಉತ್ತರಿಸಬೇಕಾದದ್ದು ಆ ಪ್ರಶ್ನೆಗೆ.